ಎಲ್ಲರ ಕೈಯಲ್ಲೂ ಕೇಕ್ ದಾರ. ನಿಮಗೆ ಯಾಕೆ ಇಷ್ಟ? ನನ್ನ ನೇರಳೆ ಬಣ್ಣ ಯಾಕೆ ಮೂರೇ ಬೆರಳು ಬಂತು?

ವಿದ್ಯಾನಗರ ಎಳೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಮನೆಯಲ್ಲೇ ಏಳೆಂಟು ಜನಕ್ಕೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ಹೇಳಿಕೊಡುತ್ತೇನೆ. ಮೊದಲೆಲ್ಲ ಕಲಿಯಲು ಬರುವವರು ಚೀಲದಲ್ಲಿ ಎರಡು ಮೂರು ಬಣ್ಣದ ಉಲ್ಲನ್ ಉಂಡೆ ಹಾಕಿಕೊಂಡು ಬರುತ್ತಿದ್ದರು. ಈಗ ಮೊದಲ ದಿನವೇ ಕೇಕ್ ದಾರ ತರುತ್ತಾರೆ. ಅದೇ, ಚಪ್ಪಟೆಯಾಗಿ, ಗುಂಡಗೆ ಸುತ್ತಿರುತ್ತಲ್ಲ, ಮೇಲಿಂದ ನೋಡಿದರೆ ಒಂದು ಬಣ್ಣದೊಳಗೆ ಇನ್ನೊಂದು ಬಣ್ಣ ಬಳೆ ಇಟ್ಟ ಹಾಗೆ ಕಾಣುತ್ತದೆ. ಒಂದೇ ದಾರ. ಹೆಣೆಯುತ್ತಾ ಹೋದರೆ ಬಣ್ಣ ತಾನಾಗಿ ಮೆಲ್ಲಗೆ ತಿರುಗುತ್ತದೆ.

ನಾನೂ ಮನಸೋತವಳೇ. ಹೋದ ತಿಂಗಳು ಒಂದು ದೊಡ್ಡ ಕೇಕ್ ತರಿಸಿದೆ. ಸಾವಿರ ಮೀಟರ್. ಒಳಗಿನಿಂದ ಹೊರಗೆ ಐದು ಬಣ್ಣ: ಹಾಲುಬಿಳಿ, ತಿಳಿಗುಲಾಬಿ, ದಾಳಿಂಬೆ, ತಿಳಿನೇರಳೆ, ಕೊನೆಗೆ ನೇರಳೆ ಹಣ್ಣಿನ ಬಣ್ಣ. ಆ ನೇರಳೆಗಾಗಿಯೇ ಕೊಂಡಿದ್ದು. ನಮ್ಮ ದೊಡ್ಡಮ್ಮನಿಗೆ ಆ ಬಣ್ಣ ಅಂದರೆ ಪ್ರಾಣ. ಅವರ ಮಂಚದ ಪಕ್ಕದ ಗುಂಡು ಮೇಜಿಗೆ ಒಂದು ಹೊದಿಕೆ ಅಂತ ಒಳಗಿನ ತುದಿ ಎಳೆದು ಶುರು ಮಾಡಿದೆ. ಒಂದು ಮೀಟರ್ ಅಗಲ ಬಂತು. ನೋಡಿದರೆ ಹಾಲುಬಿಳಿ ನಡುವಿನಿಂದ ಒಂದು ಗೇಣು ಇದೆ. ನೇರಳೆ ಅಂಚಿನಲ್ಲಿ ಮೂರು ಬೆರಳು. ಅಷ್ಟೇ! ಎರಡು ಸಲ ಬಿಚ್ಚಿದೆ. ಬಿಗಿ ಮಾಡಿ ಹೆಣೆದೆ, ಸಡಿಲ ಮಾಡಿ ಹೆಣೆದೆ. ಮತ್ತೆ ಅದೇ.

ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಈ ನೇರಳೆಗೆ ಏನಾಯಿತು? ಇನ್ನೊಂದು ನಿಜವಾಗಿ ನನ್ನನ್ನು ಕಾಡುತ್ತಿರುವುದು. ಬಣ್ಣದ ಪಕ್ಕ ಬಣ್ಣ ಇಡುವುದನ್ನು ನಾನು ನಮ್ಮಮ್ಮನ ಪಕ್ಕ ಕೂತು ಕಲಿತೆ. ಈಗ ಕಲಿಯುವ ಹುಡುಗಿಯರಿಗೆ ಅದನ್ನು ಕೇಕೇ ಮಾಡಿಕೊಡುತ್ತಿದೆ. ಅವರ ಕಣ್ಣಿಗೆ ಆ ಪಾಠ ಯಾವಾಗ ಸಿಗುತ್ತದೆ? ನೀವೇನಂತೀರಿ?

ಹರಿಹರ ಬಸ್ಸು

ಅಕ್ಕಾ, ನನಗೆ ಯಾಕೆ ಇಷ್ಟ ಅಂತ ಹೇಳುತ್ತೇನೆ. ನಾನು ನರ್ಸ್. ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಡ್ಯೂಟಿ ಮುಗಿಸಿ ಬಸ್ ಹತ್ತಿದಾಗ ತಲೆ ಪೂರ್ತಿ ಖಾಲಿ ಆಗಿರುತ್ತದೆ. ಆಗ ಯಾವ ಬಣ್ಣ ಹಾಕಲಿ ಅಂತ ಯೋಚಿಸುವ ಶಕ್ತಿ ಇರುವುದಿಲ್ಲ. ಬ್ಯಾಗಿನಲ್ಲಿ ಒಂದು ಕೇಕ್, ಒಂದು ಕಡ್ಡಿ. ಕತ್ತರಿ ಬೇಡ, ಐದು ಉಂಡೆ ಬೇಡ, ಕೊನೆಗೆ ಸೂಜಿ ಹಿಡಿದು ಇಪ್ಪತ್ತು ತುದಿ ಮುಚ್ಚುವ ಕೆಲಸವೂ ಇಲ್ಲ.

ಇನ್ನೊಂದು ಇದೆ. ಮುಂದಿನ ಬಣ್ಣ ಒಳಗಿನಿಂದ ಇಣುಕುತ್ತಾ ಇರುತ್ತದೆ. ಇನ್ನೊಂದು ಸಾಲು ಹಾಕಿದರೆ ಅದು ಕೈಗೆ ಬರುತ್ತದೆ ಅನ್ನಿಸುತ್ತದೆ. ಒಂದೇ ಬಣ್ಣದ ಶಾಲು ನಾನು ಎರಡು ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೆ. ಮೊದಲ ಸಲ ಪೂರ್ತಿ ಮುಗಿಸಿದ್ದು ಕೇಕಿನಿಂದ. ಅದು ನನಗೆ ದೊಡ್ಡ ವಿಷಯ.

ಕೋಟೆ ಬಾಗಿಲು (ಚಿತ್ರದುರ್ಗ)

ನನಗೀಗ 68. ಸ್ವೆಟರ್, ಕುಲಾವಿ, ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ ಎಲ್ಲ ಹಾಕಿದ ಕಾಲ ನಮ್ಮದು. ಬಣ್ಣ ತಿರುಗುವ ದಾರ ಹೊಸದೇನಲ್ಲಮ್ಮ. ಶೇಡೆಡ್ ಉಲ್ಲನ್ ಅಂತ ಆಗಲೇ ಇತ್ತು. ಆದರೆ ಅದರಲ್ಲಿ ಬಣ್ಣ ಗೇಣಿಗೊಂದು ಸಲ ಬದಲಾಗುತ್ತಿತ್ತು. ಹೆಣೆದರೆ ಚುಕ್ಕೆ ಚುಕ್ಕೆ ಬೀಳುತ್ತಿತ್ತು. ಎಷ್ಟು ಚೆಂದದ ಡಿಸೈನ್ ಹಾಕಿದರೂ ಆ ಚುಕ್ಕೆಯಲ್ಲಿ ಕಾಣುತ್ತಿರಲಿಲ್ಲ. ಈಗಿನ ಕೇಕಿನಲ್ಲಿ ಒಂದು ಬಣ್ಣ ನೂರಾರು ಮೀಟರ್ ಇರುತ್ತದೆ, ಹಾಗಾಗಿ ಜಾಲರಿ ಕೆಲಸವೂ ಎದ್ದು ಕಾಣುತ್ತದೆ. ಅದನ್ನು ನಾನು ಒಪ್ಪುತ್ತೇನೆ.

ಒಪ್ಪದಿರುವುದು ಒಂದಿದೆ. ಬಣ್ಣ ಆರಿಸುವುದು ಅರ್ಧ ಕೆಲಸ. ಅಂಗಡಿಯವನ ಮುಂದೆ ಹತ್ತು ಉಂಡೆ ಹರಡಿಸಿ, ಬೆಳಕಿಗೆ ಹಿಡಿದು, ಎರಡನ್ನು ಸೇರಿಸಿ ಹುರಿ ಮಾಡಿ ನೋಡಿ, ಆಮೇಲೆ ಬೇಡ ಅಂತ ಬಿಟ್ಟು ಬಂದಿದ್ದೂ ಉಂಟು. ಆ ಕಣ್ಣು ಕೇಕ್ ಕೊಂಡರೆ ಬರುವುದಿಲ್ಲ. ವಿದ್ಯಾನಗರದ ತಂಗಿ ಕೇಳಿದ ಪ್ರಶ್ನೆ ಸರಿಯಾಗಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹರಿಹರ ಬಸ್ಸು

ಅಮ್ಮಾ, ನಿಮ್ಮ ಮಾತು ತಳ್ಳಿ ಹಾಕುವುದಿಲ್ಲ. ಆದರೆ ಕೇಕ್ ಕೊಳ್ಳುವಾಗಲೂ ನಾನು ನೋಡುತ್ತೇನಲ್ಲ, ಯಾವ ಬಣ್ಣದಿಂದ ಯಾವುದಕ್ಕೆ ಹೋಗುತ್ತದೆ ಅಂತ. ನೀಲಿಯಿಂದ ಹಳದಿಗೆ ಹೋಗುವಾಗ ನಡುವೆ ಹಸಿರಿನ ಹಾಗೆ ಕಾಣುತ್ತದೆ ಅಂತ ನನಗೆ ಗೊತ್ತಾಗಿದ್ದೇ ಕೇಕಿನಿಂದ.

ಕೋಟೆ ಬಾಗಿಲು

ಅದು ನಿಜ. ಅದೂ ಒಂದು ಪಾಠವೇ.

ಲೆಕ್ಕದ ಟೀಚರ್ (ಹೊಸದುರ್ಗ)

ನೇರಳೆ ಬಣ್ಣದ ವಿಷಯಕ್ಕೆ ಬರುತ್ತೇನೆ. ಮೇಡಂ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ಬಿಗಿ, ಸಡಿಲ ಏನು ಮಾಡಿದರೂ ಹೀಗೇ ಬರುತ್ತದೆ. ಇದು ವೃತ್ತದ ಗುಣ.

ದಾರ ಎಷ್ಟು ಖರ್ಚಾಗುತ್ತದೆ ಅನ್ನುವುದು ನೀವು ಮುಚ್ಚಿದ ಜಾಗದ ಮೇಲೆ, ಅಂದರೆ ವಿಸ್ತೀರ್ಣದ ಮೇಲೆ ನಿಂತಿದೆ. ಹೊರಗೆ ಹೋದಂತೆ ಪ್ರತಿ ಸುತ್ತೂ ಉದ್ದವಾಗುತ್ತದೆ. ನಡುವಿನಲ್ಲಿ ಒಂದು ಸುತ್ತಿಗೆ ಒಂದು ಮೊಳ ದಾರ ಸಾಕು. ಅಂಚಿನಲ್ಲಿ ಅದೇ ಒಂದು ಸುತ್ತು ಹತ್ತಾರು ಮೀಟರ್ ನುಂಗುತ್ತದೆ. ನಿಮ್ಮ ಕೇಕಿನಲ್ಲಿ ಐದು ಬಣ್ಣವೂ ಹೆಚ್ಚು ಕಡಿಮೆ ಸಮ ಉದ್ದ, ಅಂದರೆ ಒಂದೊಂದು 200 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಅಗಲದ ವೃತ್ತಕ್ಕೆ ನಡುವಿನಿಂದ ಅಂಚಿಗೆ 50 ಸೆಂ.ಮೀ. ಮೊದಲ ಬಣ್ಣ ಸುಮಾರು 22 ಸೆಂ.ಮೀ.ಗೆ ಮುಗಿಯುತ್ತದೆ. ಎರಡನೆಯದು 31 ದಾಟಿ ನಿಲ್ಲುತ್ತದೆ, ಮೂರನೆಯದು 38 ದಾಟಿ, ನಾಲ್ಕನೆಯದು 45ರ ಹತ್ತಿರ. ಕೊನೆಯದಕ್ಕೆ ಉಳಿಯುವುದು ಐದು ಸೆಂ.ಮೀ. ಮಾತ್ರ. ನಿಮ್ಮ ಒಂದು ಗೇಣು, ಮೂರು ಬೆರಳು ಲೆಕ್ಕಕ್ಕೆ ಸರಿಯಾಗಿ ಕೂತಿದೆ ನೋಡಿ!

ಮೂಲೆಯಿಂದ ಶುರು ಮಾಡುವ ತ್ರಿಕೋನದ ಶಾಲಿಗೂ ಇದೇ ಲೆಕ್ಕ. ಉದ್ದಕ್ಕೆ ಒಂದೇ ಅಗಲದಲ್ಲಿ ಹೋಗುವ ಶಾಲಿನಲ್ಲಿ ಮಾತ್ರ ಎಲ್ಲ ಪಟ್ಟಿ ಸಮವಾಗಿ ಬರುತ್ತವೆ.

ಗುಂಡಗಿನದರಲ್ಲೂ ಐದು ಪಟ್ಟಿ ಸಮ ಅಗಲ ಬರಬೇಕಾದರೆ ದಾರದ ಉದ್ದ 1, 3, 5, 7, 9ರ ಪಾಲಿನಲ್ಲಿ ಇರಬೇಕು. ಸಾವಿರ ಮೀಟರಿಗೆ 40, 120, 200, 280, 360. ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿಸಿದರೆ ವರ್ಗ ಸಂಖ್ಯೆ ಬರುತ್ತದೆ ಅಂತ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ. 1, 4, 9, 16, 25. ಅದು ಇಲ್ಲಿ ನೂಲಿನಲ್ಲಿ ಕಾಣಿಸಿತು. ನನಗೆ ತುಂಬಾ ಖುಷಿಯಾಯಿತು. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ವಿದ್ಯಾನಗರ ಎಳೆ

ಸರ್, ಎರಡು ವಾರದಿಂದ ನನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದೆ. ತುಂಬಾ ಉಪಕಾರ ಆಯಿತು. ಹಾಗಾದರೆ ಹೊರಗಿನ ತುದಿಯಿಂದ ಶುರು ಮಾಡಿದರೆ ನೇರಳೆ ನಡುವಿಗೆ ಬಂದು ಒಂದು ಗೇಣು ಆಗುತ್ತದೆ, ಅಲ್ವಾ?

ಲೆಕ್ಕದ ಟೀಚರ್

ಆಗುತ್ತದೆ. ಆಗ ಹಾಲುಬಿಳಿ ಅಂಚಿಗೆ ಹೋಗುತ್ತದೆ. ನಿಮ್ಮ ದೊಡ್ಡಮ್ಮನವರಿಗೆ ಯಾವುದು ನಡುವೆ ಇರಬೇಕು ಅನ್ನುವುದಷ್ಟೇ ಪ್ರಶ್ನೆ.

ಹೊಸ ಕಡ್ಡಿ

ನಾನು ಕಲಿಯುತ್ತಾ ಎರಡು ತಿಂಗಳಾಯಿತು. ದಯವಿಟ್ಟು ಹೇಳಿ. ಕಡ್ಡಿ ಹಾಕಿದಾಗೆಲ್ಲ ಕೇಕ್ ದಾರದ ಒಂದು ಎಳೆ ಹೊರಗೇ ಉಳಿದುಬಿಡುತ್ತದೆ. ಆಮೇಲೆ ಅಲ್ಲಿ ಇಲ್ಲಿ ಸಣ್ಣ ಸಣ್ಣ ಗಂಟು ಬೇರೆ ಇದೆ. ಕೆಟ್ಟ ಮಾಲು ಕೊಟ್ಟರಾ?

ಗಿರಣಿ ಮಗಳು (ದಾವಣಗೆರೆ)

ಸಣ್ಣ ಗಂಟಿಗೆ ಹೆದರಬೇಡ ಪುಟ್ಟಾ. ಆ ದಾರ ಮಾಡುವುದೇ ಹಾಗೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಬಣ್ಣ ತಿರುಗುವ ದಾರ ಒಂದೇ ತರಹ ಇರುವುದಿಲ್ಲ. ಜಪಾನಿನ ನೊರೊ ದಾರದಲ್ಲಿ ಉಣ್ಣೆಯನ್ನು ನೂಲುವಾಗಲೇ ಬಣ್ಣ ಕಲೆಯುತ್ತದೆ. ಜರ್ಮನಿಯ ಝೌಬರ್‌ಬಾಲ್ ಅಂತ ಇದೆ, ಮಾಯದ ಚೆಂಡು ಅಂತ ಅದರ ಅರ್ಥ. ಈಗ ಎಲ್ಲರೂ ಹಿಡಿದಿರುವ ದೊಡ್ಡ ಹತ್ತಿ ಕೇಕ್ ಬೇರೆ. ಅದರಲ್ಲಿ ಮೂರು ಅಥವಾ ನಾಲ್ಕು ಸಣ್ಣ ಎಳೆ ಪಕ್ಕ ಪಕ್ಕ ಓಡುತ್ತವೆ. ಹುರಿ ಮಾಡಿರುವುದಿಲ್ಲ. ನಾಲ್ಕೂ ಬಿಳಿ. ಸ್ವಲ್ಪ ದೂರ ಹೋದ ಮೇಲೆ ಒಂದು ಬಿಳಿ ಎಳೆ ಕತ್ತರಿಸಿ ಅಲ್ಲಿ ಗುಲಾಬಿ ಎಳೆ ಕಟ್ಟುತ್ತಾರೆ. ಮೂರು ಬಿಳಿ, ಒಂದು ಗುಲಾಬಿ. ಆಮೇಲೆ ಎರಡು ಎರಡು. ಆಮೇಲೆ ಒಂದು ಬಿಳಿ, ಮೂರು ಗುಲಾಬಿ. ಕೊನೆಗೆ ನಾಲ್ಕೂ ಗುಲಾಬಿ. ದೂರದಿಂದ ನೋಡಿದರೆ ಬಣ್ಣ ಕರಗಿದ ಹಾಗೆ ಕಾಣುತ್ತದೆ. ನಿನ್ನ ಸಣ್ಣ ಗಂಟು ಅದೇ. ಹೆಣೆಯುವಾಗ ಹಿಂದಕ್ಕೆ ತಳ್ಳಿಬಿಡು. ಗಂಟಿನ ಹತ್ತಿರ ಕತ್ತರಿ ಹಾಕಬೇಡ, ಬಿಚ್ಚಿಕೊಳ್ಳುತ್ತದೆ.

ಹುರಿ ಇಲ್ಲದ ಕಾರಣಕ್ಕೇ ಎಳೆ ತಪ್ಪುವುದು. ಚೂಪು ಮೂತಿಯ ಕಡ್ಡಿ ಬಿಟ್ಟು ಗುಂಡು ಮೂತಿಯದು ತೆಗೆದುಕೋ. ಅರ್ಧ ಸೈಜು ದೊಡ್ಡದಾದರೂ ಪರವಾಗಿಲ್ಲ. ಸಾಲು ಮುಗಿದಾಗ ಒಂದು ಸಲ ಬೆರಳಾಡಿಸಿ ನೋಡು, ಬಿಟ್ಟುಹೋದ ಎಳೆ ತಕ್ಷಣ ಸಿಗುತ್ತದೆ. ಹತ್ತು ಸಾಲು ಆದ ಮೇಲೆ ಕಂಡರೆ ಅಳು ಬರುತ್ತದೆ.

ನಮ್ಮ ತಂದೆ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಇದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸಂಜೆ ಬಂದರೆ ಅವರ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿ ಅಂಟಿರುತ್ತಿತ್ತು. ಎಳೆ ಕಡಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಟ್ಟುವುದನ್ನು ಅವರು ನನಗೆ ಕಲಿಸಿದ್ದರು. ನೇಕಾರರ ಗಂಟು. ಒಂದು ಎಳೆಯ ತುದಿ ಮಡಿಸಿ ಕುಣಿಕೆ ಮಾಡಬೇಕು. ಇನ್ನೊಂದು ಎಳೆಯನ್ನು ಕುಣಿಕೆಯ ಒಳಗಿನಿಂದ ಮೇಲೆ ತಂದು, ಕುಣಿಕೆಯ ಎರಡೂ ಕಾಲಿನ ಹಿಂದೆ ಸುತ್ತಿ, ತನ್ನದೇ ಎಳೆಯ ಅಡಿಗೆ ತೂರಿಸಿ ಎಳೆಯಬೇಕು. ಸಣ್ಣಗೆ, ಚಪ್ಪಟೆಯಾಗಿ ಕೂರುತ್ತದೆ. ಮಿಲ್ಲು ಹೋಯಿತು. ಗಂಟು ನನ್ನ ಬೆರಳಲ್ಲಿ ಉಳಿದಿದೆ.

ಹೊಸ ಕಡ್ಡಿ

ಥ್ಯಾಂಕ್ಸ್ ಆಂಟಿ! ಗುಂಡು ಮೂತಿಯ ಕಡ್ಡಿ ಇವತ್ತೇ ತರುತ್ತೇನೆ.

ಎರಡನೇ ತೋಳು

ಗಂಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸಣ್ಣ ಗಂಟು ಸರಿ. ಆದರೆ ನನ್ನ ಒಂದು ಕೇಕಿನಲ್ಲಿ ಪೂರ್ತಿ ದಾರವೇ ಕತ್ತರಿಸಿ, ನಡುವಿನ ಎರಡು ಬಣ್ಣ ಹಾರಿಸಿ ಕಟ್ಟಿದ್ದರು. ತಿಳಿಹಸಿರು ಹೋಗುತ್ತಾ ಹೋಗುತ್ತಾ ಒಂದೇ ಸಲ ಕಡುನೀಲಿ! ಅದು ತಪ್ಪು. ಅಂಗಡಿಯವರು ಬದಲಾಯಿಸಿಕೊಡಲಿಲ್ಲ. ಅವತ್ತಿನಿಂದ ಕೊಂಡ ತಕ್ಷಣ ಕೇಕನ್ನು ಬೆಳಕಿಗೆ ಹಿಡಿದು ಬದಿಯನ್ನು ಸುತ್ತಲೂ ನೋಡುತ್ತೇನೆ. ಬಣ್ಣದ ಬಳೆ ಎಲ್ಲಾದರೂ ಫಕ್ಕನೆ ಕಡಿದ ಹಾಗೆ ಕಂಡರೆ ಅಲ್ಲೇ ವಾಪಸ್.

ಇನ್ನೂ ಒಂದು. ಸ್ವೆಟರ್ ಹಾಕುವವರು ಎರಡು ಕೇಕ್ ತಂದರೆ ಎರಡರಲ್ಲೂ ಒಂದೇ ಕಡೆಯಿಂದ, ಒಂದೇ ಬಣ್ಣದಿಂದ ಶುರು ಮಾಡಿ. ನನ್ನ ಮಗನ ಸ್ವೆಟರಿನ ಒಂದು ತೋಳು ಹಳದಿಯಿಂದ ಹಸಿರಿಗೆ, ಇನ್ನೊಂದು ಹಸಿರಿನಿಂದ ಹಳದಿಗೆ ಬಂತು. ಪೂರ್ತಿ ತೋಳು ಬಿಚ್ಚಬೇಕಾಯಿತು.

ಕುಚ್ಚು ಕೆಲಸ (ಚೌಕಿಪೇಟೆ, ದಾವಣಗೆರೆ)

ನಾನು ಹದಿನೈದು ವರ್ಷದಿಂದ ಸೀರೆಗೆ ಕುಚ್ಚು ಕಟ್ಟುತ್ತೇನೆ. ಗಿರಣಿ ಅಕ್ಕ ಹೇಳಿದ್ದು ಓದಿ ನನಗೆ ಆಶ್ಚರ್ಯ ಆಯಿತು, ಇದು ನಾವು ದಿನಾ ಮಾಡುವುದೇ! ಕುಚ್ಚಿಗೆ ನಾವು ಇಪ್ಪತ್ತು ಎಳೆ ರೇಷ್ಮೆ ದಾರ ಒಟ್ಟಿಗೆ ತೆಗೆದುಕೊಳ್ಳುತ್ತೇವೆ. ಈಗ ಎಲ್ಲರೂ ಶೇಡ್ ಕುಚ್ಚು ಕೇಳುತ್ತಾರೆ. ಸೀರೆ ಒಡಲು ಹಸಿರು, ಅಂಚು ಕೆಂಪು ಅಂತಿಟ್ಟುಕೊಳ್ಳಿ. ಮೊದಲ ಕುಚ್ಚು ಇಪ್ಪತ್ತೂ ಹಸಿರು. ಆಮೇಲೆ ಹದಿನೈದು ಹಸಿರು, ಐದು ಕೆಂಪು. ಆಮೇಲೆ ಹತ್ತು ಹತ್ತು. ಹಾಗೇ ಸೆರಗಿನ ಕೊನೆಗೆ ಇಪ್ಪತ್ತೂ ಕೆಂಪು. ಮೊಳಕಾಲ್ಮೂರು ಸೀರೆಗೆ ಇದು ತುಂಬಾ ಒಪ್ಪುತ್ತದೆ. ಅದರ ಅಂಚು ಒಡಲಿಗೆ ಪೂರಾ ಬೇರೆ ಬಣ್ಣ ಇರುತ್ತದಲ್ಲ, ಕುಚ್ಚು ಎರಡನ್ನೂ ಸೇರಿಸುತ್ತದೆ.

ಕೋಟೆ ಬಾಗಿಲು ಅಮ್ಮನವರ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ಹಸಿರು, ಕೆಂಪು ಹತ್ತು ಹತ್ತು ಸೇರಿದಾಗ ಮಣ್ಣಿನ ಬಣ್ಣದ ಹಾಗೆ ಮಂಕಾಗುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಮೊದಲ ಸೀರೆಯಲ್ಲಿ ಹಾಳಾದ ಮೇಲೆ ಗೊತ್ತಾಯಿತು. ಈಗ ನಡುವೆ ಒಂದು ಸಾಸಿವೆ ಹಳದಿ ತರುತ್ತೇನೆ. ಹಸಿರು, ಹಳದಿ, ಕೆಂಪು. ಮಾವಿನಹಣ್ಣಿನ ಮೇಲೆ ಬಣ್ಣ ತಿರುಗುವುದೂ ಹಾಗೇ.

ಕೋಟೆ ಬಾಗಿಲು

ಇದೇ ನಾನು ಹೇಳಿದ ಕಣ್ಣು. ಮಾವಿನಹಣ್ಣು ನೋಡಿ ಕಲಿತದ್ದು ಯಾವ ಡಬ್ಬದಲ್ಲೂ ಬರುವುದಿಲ್ಲ. ನಿಮಗೆ ಒಳ್ಳೆಯದಾಗಲಿ ತಾಯಿ.

ಹರಿಹರ ಬಸ್ಸು

ಒಂದು ಪ್ರಶ್ನೆ. ಹೊರದೇಶದ ಕೇಕ್ ಬೆಲೆ ಜಾಸ್ತಿ. ಸ್ಕೀಪ್ಯಸ್ ಅವರ ವರ್ಲ್ ಅಂತ ಹಾಲೆಂಡಿನದು, ಸಾವಿರ ಮೀಟರಿಂದು, ನೋಡಿ ನೋಡಿ ಕಾರ್ಟಿನಲ್ಲೇ ಇಟ್ಟಿದ್ದೇನೆ. ಟರ್ಕಿಯ ಯಾರ್ನ್‌ಆರ್ಟ್ ಫ್ಲವರ್ಸ್ ಕೂಡ ಸಾವಿರ ಮೀಟರ್, 250 ಗ್ರಾಂ, ಅರ್ಧಕ್ಕಿಂತ ಜಾಸ್ತಿ ಹತ್ತಿ. ನಮ್ಮ ಬಿಸಿಲಿಗೆ ಯಾವುದು ಆಗುತ್ತದೆ? ಅಮೆರಿಕದ ಕ್ಯಾರನ್ ಕೇಕ್ಸ್ ತರಿಸಬೇಕಾ?

ವಿದ್ಯಾನಗರ ಎಳೆ

ಕ್ಯಾರನ್ ಕೇಕ್ಸ್ 2016ರಲ್ಲಿ ಬಂದಾಗಲೇ ಅಲ್ಲಿ ಈ ಕೇಕ್ ಹುಚ್ಚು ಜೋರಾಗಿದ್ದು. ಆದರೆ ಅದು ದಪ್ಪ ದಾರ, ಐದರಲ್ಲಿ ಒಂದು ಪಾಲು ಉಣ್ಣೆ, ಉಳಿದದ್ದು ಅಕ್ರಿಲಿಕ್. ಅವರ ಚಳಿಗೆ ಸರಿ. ನಮ್ಮ ಊರಿನಲ್ಲಿ ಸ್ವೆಟರ್ ಹಾಕುವುದು ಡಿಸೆಂಬರ್, ಜನವರಿಯ ಬೆಳಗಿನ ಜಾವ ಮಾತ್ರ. ಏಪ್ರಿಲ್ ತಿಂಗಳಲ್ಲಿ ಅಕ್ರಿಲಿಕ್ ದಾರ ಹಿಡಿದರೆ ಬೆವರಿಗೆ ಬೆರಳಿಗೇ ಅಂಟುತ್ತದೆ, ಕಡ್ಡಿಯ ಮೇಲೆ ಜಾರುವುದಿಲ್ಲ. ನನ್ನ ಮಾತು ಕೇಳಿದರೆ ಹತ್ತಿ ಇರುವುದನ್ನೇ ತೆಗೆದುಕೋ. ಹತ್ತಿ ಜಾಸ್ತಿ ಇದ್ದಷ್ಟೂ ಹೆಗಲ ಮೇಲೆ ತಂಪು.

ಒಂದು ಎಚ್ಚರ. ಹೊರಗಿನ ಪ್ಯಾಟರ್ನ್ ಓದುವಾಗ ಅದು ಇಂಗ್ಲೆಂಡಿನ ಲೆಕ್ಕವಾ, ಅಮೆರಿಕದ ಲೆಕ್ಕವಾ ನೋಡು. ಇಂಗ್ಲೆಂಡಿನವರು ಡಬಲ್ ಕ್ರೋಶಾ ಅನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುತ್ತಾರೆ. ತಪ್ಪಿ ಓದಿದರೆ ಅಳತೆಯೂ ಬರುವುದಿಲ್ಲ, ಬಣ್ಣವೂ ಬೇರೆ ಜಾಗದಲ್ಲಿ ತಿರುಗುತ್ತದೆ.

ಚಳ್ಳಕೆರೆ ಉಣ್ಣೆ

ನಮ್ಮ ಮನೆಯಲ್ಲಿ ಅಜ್ಜಿ ಉಣ್ಣೆ ನೂಲುತ್ತಿದ್ದರು, ಅಜ್ಜ ಕಂಬಳಿ ನೇಯುತ್ತಿದ್ದರು. ಹುಣಸೆ ಬೀಜದ ಗಂಜಿ ಹಚ್ಚಿದ ಕರಿ ಕಂಬಳಿಯ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಈ ಚರ್ಚೆ ಓದುತ್ತಾ ಒಂದು ನೆನಪಾಯಿತು. ಡೆಕ್ಕನಿ ಕುರಿಯ ಉಣ್ಣೆ ಕಪ್ಪು, ಬೂದು, ಕಂದು, ಬಿಳಿ ಎಲ್ಲ ಇರುತ್ತದೆ. ಅಜ್ಜಿ ಹಿಂಜುವಾಗ ಕಪ್ಪಿಗೆ ಒಂದು ಹಿಡಿ ಬಿಳಿ ಸೇರಿಸಿದರೆ ನೂಲು ಬೂದು ಆಗುತ್ತಿತ್ತು. ಎರಡು ಹಿಡಿ ಸೇರಿಸಿದರೆ ಇನ್ನೂ ತಿಳಿ. ಬಣ್ಣವೇ ಹಾಕದೆ ಕಪ್ಪಿನಿಂದ ಬಿಳಿಗೆ ಹೋಗಬಹುದು!

ಆ ಉಣ್ಣೆ ಒರಟು. ಶಾಲಿಗೆ ಆಗುವುದಿಲ್ಲ, ಕುತ್ತಿಗೆಗೆ ಚುಚ್ಚುತ್ತದೆ. ಕೂರುವ ಆಸನ, ಹೆಗಲ ಚೀಲಕ್ಕೆ ಗಟ್ಟಿ. ಮರಿಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಸ್ವಲ್ಪ ಮೆತ್ತಗಿರುತ್ತದೆ. ಈಗ ಸರಿಯಾದ ಬೆಲೆ ಇಲ್ಲ ಅಂತ ಕುರಿಯ ಉಣ್ಣೆ ಕತ್ತರಿಸಿ ಎಸೆಯುವವರೂ ಇದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ದೂರದ ದೇಶದ ಕೇಕಿಗೆ ಅಷ್ಟು ದುಡ್ಡು ಕೊಡುವ ನಾವು ನಮ್ಮ ಊರಿನ ಈ ಬೂದು ಬಣ್ಣವನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಅಂತ ನನ್ನ ಆಸೆ. ಸುಮ್ನೆ ಹೇಳುತ್ತಿಲ್ಲ, ಯಾರಿಗಾದರೂ ಬೇಕಿದ್ದರೆ ಮನೆಯಲ್ಲಿ ಉಳಿದಿರುವ ನೂಲು ತೋರಿಸುತ್ತೇನೆ.

ಕೋಟೆ ಬಾಗಿಲು

ನನಗೆ ಬೇಕು. ದೇವರ ಮನೆಯ ಆಸನಕ್ಕೆ.

ಗಿರಣಿ ಮಗಳು

ವಿದ್ಯಾನಗರದ ತಂಗಿ, ಲೆಕ್ಕದ ಮೇಷ್ಟ್ರು ಹೇಳಿದ 1, 3, 5 ನನ್ನ ತಲೆಯಲ್ಲೇ ಕೂತಿದೆ. ಕಾರ್ಖಾನೆಯವರಿಗೆ ನೀವು ಗುಂಡಗೆ ಹೆಣೆಯುತ್ತೀರೋ, ಉದ್ದಕ್ಕೆ ಹೆಣೆಯುತ್ತೀರೋ ಗೊತ್ತಿರುವುದಿಲ್ಲ. ನಮಗೆ ಗೊತ್ತಿರುತ್ತದೆ. ಹಾಗಾದರೆ ಕೇಕನ್ನು ನಾವೇ ಯಾಕೆ ಸುತ್ತಿಕೊಳ್ಳಬಾರದು?

ನಿನ್ನೆ ಕೂತು ಲೆಕ್ಕ ಹಾಕಿದೆ. ಸಣ್ಣ ಹತ್ತಿ ದಾರ, ಮೂರು ಎಳೆ ಒಟ್ಟಿಗೆ, ನಾಲ್ಕು ಬಣ್ಣ. ಒಂದೊಂದೇ ಎಳೆ ಬದಲಾಯಿಸುತ್ತಾ ಹೋದರೆ ಮೊದಲ ಬಣ್ಣದಿಂದ ಕೊನೆಯ ಬಣ್ಣಕ್ಕೆ ಹತ್ತು ಹಂತ, ಒಂಬತ್ತು ಗಂಟು. ಉದ್ದದ ಶಾಲಿಗೆ 400 ಮೀಟರ್ ಬೇಕು ಅಂದರೆ ಹಂತಕ್ಕೆ 40 ಮೀಟರ್. ಮೂರೂ ಎಳೆ ಸೇರಿಸಿ ಲೆಕ್ಕ ಹಾಕಿದರೆ ಮೊದಲ ಮತ್ತು ಕೊನೆಯ ಬಣ್ಣ ತಲಾ 240 ಮೀಟರ್ ಬೇಕಾಗುತ್ತದೆ, ನಡುವಿನ ಎರಡೂ ತಲಾ 360 ಮೀಟರ್. ನಡುವಿನ ಬಣ್ಣಕ್ಕೆ ಎರಡೂ ಕಡೆ ನೆಂಟಸ್ತಿಕೆ, ಅದಕ್ಕೇ ಜಾಸ್ತಿ ಖರ್ಚು. ಕೊಳ್ಳುವಾಗ ಇದು ನೆನಪಿರಲಿ.

ದಾರ ಸುತ್ತುವ ಕೈಮೆಷಿನ್ ಇದ್ದರೆ ಬೇಗ ಆಗುತ್ತದೆ. ಇಲ್ಲದಿದ್ದರೆ ಲಟ್ಟಣಿಗೆ ಸಾಕು. ದಾರದ ತುದಿಯನ್ನು ಹಿಡಿಕೆಗೆ ಕಟ್ಟಿ, ಲಟ್ಟಣಿಗೆ ಮೆಲ್ಲಗೆ ತಿರುಗಿಸುತ್ತಾ ಓರೆಯಾಗಿ ಸುತ್ತಬೇಕು. ಕೊನೆಗೆ ಲಟ್ಟಣಿಗೆ ಎಳೆದರೆ ನಡುವೆ ತೂತು ಇರುವ ಉಂಡೆ ಸಿಗುತ್ತದೆ. ಸುತ್ತುವಾಗ ಎಳೆ ಬಿಡುವ ಮೂರು ಉಂಡೆಯನ್ನು ಮೂರು ಬೇರೆ ಬೇರೆ ಪಾತ್ರೆಯಲ್ಲಿ ಇಡಿ, ಒಂದರಲ್ಲೇ ಇಟ್ಟರೆ ಸಿಕ್ಕು ಬೀಳುತ್ತದೆ. ಮೂರೂ ಎಳೆ ಒಂದೇ ಬಿಗಿಯಲ್ಲಿ ಬರಬೇಕು. ಒಂದು ಸಡಿಲವಾದರೆ ಹೆಣೆಯುವಾಗ ಅದೇ ಎಳೆ ಕುಣಿಕೆ ಕುಣಿಕೆಯಾಗಿ ಹೊರಗೆ ಬರುತ್ತದೆ.

ಚನ್ನಗಿರಿ ತೋಟ

ದಾರಕ್ಕೆ ಬಣ್ಣವೂ ನಾವೇ ಹಾಕಬಹುದು. ನಮ್ಮಲ್ಲಿ ಅಡಿಕೆ ಬೇಯಿಸಿದ ಚೊಗರು ಇರುತ್ತದೆ. ಹೋದ ಸೀಸನ್ನಿನಲ್ಲಿ ಬಿಳಿ ಹತ್ತಿ ದಾರವನ್ನು ನಾಲ್ಕು ಸಣ್ಣ ಲಡಿ ಮಾಡಿ, ಒಂದೇ ಪಾತ್ರೆಯ ಚೊಗರಿನಲ್ಲಿ ಒಂದಾದ ಮೇಲೆ ಒಂದು ಅದ್ದಿದೆ. ಮೊದಲ ಲಡಿ ಬಣ್ಣವನ್ನೆಲ್ಲ ಎಳೆದುಕೊಂಡು ಕಡು ಕೆಂಪು ಕಂದು ಆಯಿತು. ನೀರಿನಲ್ಲಿ ಬಣ್ಣ ಕಡಿಮೆ ಆದಂತೆ ಉಳಿದವು ಒಂದಕ್ಕಿಂತ ಒಂದು ತಿಳಿಯಾದವು. ಕೊನೆಯದು ಹಾಲು ಹಾಕಿದ ಚಹಾ ಬಣ್ಣ. ನಾಲ್ಕೂ ಪಕ್ಕ ಪಕ್ಕ ಇಟ್ಟರೆ ಅಕ್ಕ ತಂಗಿಯರ ಹಾಗಿವೆ. ಒಂದೇ ಪಾತ್ರೆಯಿಂದ ಬಂದಿದ್ದಕ್ಕೇ ಅಷ್ಟು ಹೊಂದುತ್ತವೆ.

ಹೊಸ ಕಡ್ಡಿ

ಬಣ್ಣ ಬಿಡದಿರಲು ವಿನೆಗರ್ ಹಾಕಬೇಕಾ?

ಚನ್ನಗಿರಿ ತೋಟ

ಹತ್ತಿಗೆ ವಿನೆಗರ್‌ನಿಂದ ಉಪಯೋಗ ಇಲ್ಲ. ಅದು ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಕ್ಕೆ ಮಾತ್ರ. ಹತ್ತಿಯಾದರೆ ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸಿ. ಕೊಂಡ ಕೇಕ್ ಆದರೂ ಕೆಂಪು, ಬಿಳಿ ಎರಡೂ ಇದ್ದರೆ ಮೊದಲು ಕೆಂಪಿನ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಪೂರ್ತಿ ಹೆಣೆದ ಮೇಲೆ ಬಿಳಿಗೆ ಗುಲಾಬಿ ಹತ್ತಿದರೆ ಮತ್ತೆ ಹೋಗುವುದಿಲ್ಲ.

ವಿದ್ಯಾನಗರ ಎಳೆ

ಹತ್ತು ದಿನ ಈ ಕಡೆ ಬರಲಿಲ್ಲ. ಕೈ ತುಂಬಾ ಕೆಲಸ ಇತ್ತು. ಏನಾಯಿತು ಅಂತ ಹೇಳುತ್ತೇನೆ.

ಕ್ಲಾಸಿಗೆ ಬರುವ ಏಳೂ ಜನಕ್ಕೆ ಈ ಚರ್ಚೆ ಓದಿ ಹೇಳಿದೆ. ಆಮೇಲೆ ಪೇಟೆಗೆ ಕರೆದುಕೊಂಡು ಹೋಗಿ, ಮೂರು ಬಣ್ಣದ ಹತ್ತಿ ದಾರ ಆರಿಸಿ ಅಂದೆ. ಒಂದೇ ಒಂದು ಷರತ್ತು ಹಾಕಿದ್ದೆ. ನೀವು ನಿಜವಾಗಿ ಕಣ್ಣಾರೆ ನೋಡಿದ, ಬಣ್ಣ ತಿರುಗುವ ವಸ್ತುವಿನಿಂದ ಆರಿಸಬೇಕು. ಒಬ್ಬಳು ಒಣಮೆಣಸಿನಕಾಯಿ ಅಂದಳು. ಇನ್ನೊಬ್ಬಳು ಸೂಳೆಕೆರೆಯ ನೀರು, ಸಂಜೆ ಹೊತ್ತಿನದು. ಮೆಕ್ಕೆಜೋಳದ ತೆನೆ ಅಂದವಳೂ ಇದ್ದಾಳೆ, ಸಿಪ್ಪೆಯ ಹಸಿರಿನಿಂದ ಕಾಳಿನ ಹಳದಿಗೆ, ಆಮೇಲೆ ತುದಿಯ ಕೂದಲಿನ ಕಂದಿಗೆ. ಅಂಗಡಿಯವರು ಒಂದೂವರೆ ಗಂಟೆ ತಾಳ್ಮೆಯಿಂದ ಉಂಡೆ ತೆಗೆದು ತೆಗೆದು ಕೊಟ್ಟರು. ಕೋಟೆ ಬಾಗಿಲು ಅಮ್ಮಾ, ಮಕ್ಕಳು ದಾರವನ್ನು ಹೊರಗೆ ಬಿಸಿಲಿಗೆ ತಂದು ಹಿಡಿದು ನೋಡುತ್ತಿದ್ದರು. ನಿಮ್ಮನ್ನೇ ನೆನೆದೆ.

ನಾನು ಅಡಿಕೆ ಆರಿಸಿದೆ, ಚನ್ನಗಿರಿಯವರ ಮಾತಿನಿಂದ. ಹಸಿ ಅಡಿಕೆಯ ಹಸಿರು, ಹಣ್ಣಡಿಕೆಯ ಕಿತ್ತಳೆ, ಬೇಯಿಸಿದ ಅಡಿಕೆಯ ಕೆಂಪು ಕಂದು. ಕುಚ್ಚಿನ ಅಕ್ಕ ಹೇಳಿದ ಮಾತು ತಲೆಯಲ್ಲಿತ್ತು. ಹಸಿರಿನ ಪಕ್ಕಕ್ಕೆ ನೇರವಾಗಿ ಕೆಂಪು ತರಲಿಲ್ಲ. ಗುಂಡಗೆ ಹೆಣೆಯುವುದು ಅಂತ ತೀರ್ಮಾನಿಸಿ 1, 3, 5ರ ಪಾಲು ಮಾಡಿದೆ. ಎರಡು ಎಳೆ, ಒಟ್ಟು 450 ಮೀಟರ್. ಹಸಿರು 50, ಕಿತ್ತಳೆ 150, ಕೆಂಪು ಕಂದು 250. ಗಡಿಯಲ್ಲಿ ಇಪ್ಪತ್ತು ಮೀಟರ್ ಎರಡೂ ಬಣ್ಣ ಒಟ್ಟಿಗೆ ಓಡುತ್ತವೆ. ನೇಕಾರರ ಗಂಟು ಮೊದಲ ಐದು ಸಲ ಬಿಚ್ಚಿಹೋಯಿತು, ಆರನೆಯದು ನಿಂತಿತು. ಲಟ್ಟಣಿಗೆಯ ಮೇಲೆ ಸುತ್ತಿದೆ. ಅಂಗಡಿಯ ಕೇಕಿನಷ್ಟು ಚಪ್ಪಟೆ ಬರಲಿಲ್ಲ, ಬದನೆಕಾಯಿ ಹಾಗಿದೆ.

ಹೆಣೆದು ಮುಗಿಸಿ ಟೇಪ್ ಹಿಡಿದೆ. ಮೂರೂ ಪಟ್ಟಿ ಒಂದು ಬೆರಳಿನೊಳಗಿನ ವ್ಯತ್ಯಾಸದಲ್ಲಿ ಸಮ ಬಂದಿವೆ, ಸರ್! ಮಕ್ಕಳೆಲ್ಲ ಟೇಪಿನ ಸುತ್ತ ಬಗ್ಗಿ ನಿಂತಿದ್ದರು.

ಲೆಕ್ಕದ ಟೀಚರ್

ದಯವಿಟ್ಟು ಒಂದು ಫೋಟೋ ಹಾಕಿ ಮೇಡಂ. ನಮ್ಮ ಶಾಲೆಯ ಮಕ್ಕಳಿಗೆ ತೋರಿಸುತ್ತೇನೆ.

ಹರಿಹರ ಬಸ್ಸು

ಅಕ್ಕಾ, ನನಗೂ ಒಂದು ಸುತ್ತಿಕೊಡುತ್ತೀರಾ? ಬಣ್ಣ ನಾನೇ ಆರಿಸಿ ತರುತ್ತೇನೆ, ರಜೆಯ ದಿನ. ಬಸ್ಸಿನಲ್ಲಿ ಹೆಣೆಯಲು ಕೇಕ್ ರೆಡಿ ಇರಬೇಕು, ಅಷ್ಟೇ.

ಗಿರಣಿ ಮಗಳು

ನನ್ನ ಮನೆಗೇ ಬಾ ಮಗಳೇ. ಕೈಮೆಷಿನ್ ನನ್ನ ಹತ್ತಿರ ಇದೆ. ಗಂಟನ್ನೂ ಕಲಿಸುತ್ತೇನೆ.

ಕುಚ್ಚು ಕೆಲಸ

ದೊಡ್ಡಮ್ಮನ ನೇರಳೆ ಕೇಕ್ ಏನಾಯಿತು ಅಕ್ಕಾ? ಅದನ್ನು ಹೇಳಲೇ ಇಲ್ಲ.

ವಿದ್ಯಾನಗರ ಎಳೆ

ದೊಡ್ಡಮ್ಮನನ್ನೇ ಕೇಳಿದೆ, ಯಾವುದು ನಡುವೆ ಇರಲಿ ಅಂತ. "ನಡುವೆ ನೀರಿನ ಲೋಟ, ಮಾತ್ರೆ ಡಬ್ಬಿ ಇಡುತ್ತೀನಲ್ಲೇ, ಬಿಳಿ ಕೊಳೆಯಾಗುತ್ತೆ, ನೇರಳೆ ಇರಲಿ" ಅಂದರು. ಪೂರ್ತಿ ಬಿಚ್ಚಿ, ನೇರಳೆ ತುದಿ ಕೈಗೆ ಬರುವ ಹಾಗೆ ಸುತ್ತಿ ಮತ್ತೆ ಶುರು ಮಾಡಿದ್ದೇನೆ. ಇವತ್ತು ಹನ್ನೊಂದನೇ ಸುತ್ತು. ಇನ್ನೂ ಪೂರ್ತಿ ನೇರಳೆಯೇ ಬರುತ್ತಿದೆ.